ಟೈ ಬಿಚ್ಚಿಟ್ಟು ತೋಟಕ್ಕೆ ಹೋದ ದಿನ

ಕೋಲಾರದ ಹನಿ ನೀರಾವರಿ ಸಾಮಾನಿನ ಅಂಗಡಿಗೆ ಮ್ಯಾನೇಜರ್ ಆಗಿ ಸೇರಿದಾಗ ಮೊದಲು ನಾಲ್ಕು ಬಿಳಿ ಅಂಗಿ ಹೊಲಿಸಿಕೊಂಡೆ. ಮ್ಯಾನೇಜರ್ ಅಂದ್ರೆ ಹಾಗೇ ಕಾಣಬೇಕು ಅನ್ನೋದು ಮಾಲೀಕರ ಮಾತು, ನನ್ನ ನಂಬಿಕೆಯೂ ಅದೇ. ಹುಡುಗರಿಗೂ ಟೈ ಕಟ್ಟಿಸಿದೆ. ಬೆಳಿಗ್ಗೆ ಅರ್ಧ ಗಂಟೆ ಅವರ ಕಾಲರು, ಶೂ ನೋಡುವುದರಲ್ಲೇ ಕಳೆಯುತ್ತಿತ್ತು.

ವ್ಯಾಪಾರ ಮಾತ್ರ ಏರಲಿಲ್ಲ. ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಮುಗಿಸಿ ಬರುವ ರೈತರು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು ರೇಟು ಕೇಳಿ ಹೊರಟುಬಿಡುತ್ತಿದ್ದರು.

ಒಮ್ಮೆ ಮುಳಬಾಗಿಲು ಕಡೆಯ ರೈತರೊಬ್ಬರು ಬಂದರು. ಸಾಲಿನ ತುದಿಯ ಗಿಡಗಳಿಗೆ ನೀರೇ ತಲುಪುತ್ತಿರಲಿಲ್ಲ. ಹುಡುಗನನ್ನು ಕಳಿಸ್ತೀನಿ ಅಂದೆ. ಅವರು ನನ್ನ ಶೂ ನೋಡಿ, "ಹುಡುಗ್ರು ಎರಡು ಸಲ ಬಂದು ಹೋದ್ರು ಸಾರ್. ನೀವು ತೋಟಕ್ಕೆ ಬರೋರಲ್ಲ ಬಿಡಿ," ಅಂದರು. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಟೈ ಬಿಚ್ಚಿಟ್ಟು ಅವರ ಬೈಕಿನ ಹಿಂದೆಯೇ ಹೋದೆ.

ಫಿಲ್ಟರ್ ಬಿಚ್ಚಿದರೆ ಡಿಸ್ಕುಗಳ ಸಂದಿಯಲ್ಲೆಲ್ಲ ಕೆಸರು. ಗಿಡಗಳ ಸಾಲಿನುದ್ದಕ್ಕೂ ಹಾಸುವ 16 ಎಂ.ಎಂ. ಪೈಪು, ಅಂದ್ರೆ ಲ್ಯಾಟರಲ್ ಸೀಳಿ ನೋಡಿದೆ, ನೀರು ಹನಿಯುವ ಡ್ರಿಪ್ಪರ್ ಬಾಯಿಗೆ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು. ನಮ್ಮ ಕಡೆ ಆಳದ ಬೋರಿನ ನೀರು ಗಡಸು. ಆಗಾಗ ಆಸಿಡ್ ಬಿಟ್ಟು ತೊಳೆಯದಿದ್ದರೆ ತೂತು ಮುಚ್ಚಿಹೋಗುತ್ತದೆ. ಪೈಪು ಮಾರಿದ ದಿನವೇ ಇದನ್ನು ನಾವು ಹೇಳಬೇಕಿತ್ತು, ಹೇಳಿರಲಿಲ್ಲ. ಎಲ್ಲ ತೊಳೆದು ಮುಗಿಸುವಷ್ಟರಲ್ಲಿ ಟೊಮೆಟೊ ಗಿಡ ತಾಗಿ ಅಂಗಿಯ ತೋಳು ಹಸಿರುಗಪ್ಪಾಗಿತ್ತು. ಮುಂದಿನ ವಾರ ಅದೇ ಊರಿನ ಮೂವರು ಬಂದರು. ಒಳಗೆ ಬಂದು ಕುರ್ಚಿಯಲ್ಲಿ ಕೂತು ಮಾತಾಡಿದರು.

ಹಾಗಂತ ನೋಟಕ್ಕೆ ಬೆಲೆಯಿಲ್ಲ ಅನ್ನಲಾರೆ. ಬ್ಯಾಂಕಿಗೆ, ಸಬ್ಸಿಡಿ ಫೈಲು ಹಿಡಿದು ತೋಟಗಾರಿಕೆ ಇಲಾಖೆಗೆ ಹೋಗುವಾಗ ಇವತ್ತಿಗೂ ಇಸ್ತ್ರಿ ಅಂಗಿಯೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜಾನ್ ಗ್ರಹಾಂ, ಕ್ಯಾಂಪ್‌ಬೆಲ್ ಹಾರ್ವಿ, ಮಂಜು ಪುರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಆಮೇಲೆ ಓದಿದೆ. ನೋಡಲು ಸಮರ್ಥರಂತೆ ಕಾಣುವ ಸಿಇಒಗಳಿಗೆ ಸಂಬಳ ಹೆಚ್ಚಂತೆ, ಆದರೆ ಅವರ ಕಂಪನಿಗಳು ಹೆಚ್ಚು ಚೆನ್ನಾಗಿ ನಡೆಯುತ್ತವೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲವಂತೆ. ನನ್ನ ಅಂಗಡಿಯೇ ಕಣ್ಣ ಮುಂದೆ ಬಂತು.

ಈಗ ಎಲ್ಲರದೂ ಅರ್ಧ ತೋಳಿನ ಕಡುನೀಲಿ ಅಂಗಿ, ಒಗೆದದ್ದಾದರೆ ಸಾಕು. ಬೆಳಗಿನ ಆ ಅರ್ಧ ಗಂಟೆಯಲ್ಲಿ ಹಿಂದಿನ ಬೆಳೆಗೆ ಪೈಪು ಕೊಂಡವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇವೆ. ಮೊದಲ ಮಾತೇ, "ಅಣ್ಣ, ತುದೀವರ್ಗೂ ನೀರು ಬರ್ತಾ ಇದೆಯಾ?"