ಕುದುರೆ ಕುಂಟುತ್ತಿದೆಯೇ? ಬೆನ್ನು ತಿಕ್ಕುವ ಮುನ್ನ ಗೊರಸು ನೋಡಿ

ಗಾಯವಿಲ್ಲ, ಊತವಿಲ್ಲ. ಆದರೂ ಬೆನ್ನಿಗೆ ಕೈಯಿಟ್ಟರೆ ಕುದುರೆ ತಗ್ಗುತ್ತದೆ, ಸವಾರ ಹತ್ತಿದರೆ ಹೆಜ್ಜೆ ಗಿಡ್ಡವಾಗುತ್ತದೆ. ಇಂಥ ಹೊತ್ತಿನಲ್ಲಿ ‘ಸ್ನಾಯು ಹಿಡಿದುಕೊಂಡಿದೆ’ ಎಂದು ತೀರ್ಪು ಕೊಟ್ಟು, ಮುಲಾಮು ತಿಕ್ಕಿ, ನೋವಿನ ಔಷಧಿ ಕುಡಿಸಿ, ಎರಡು ದಿನ ಬಿಟ್ಟು ಮತ್ತೆ ಜೀನು ಬಿಗಿಯುವವರೇ ಹೆಚ್ಚು. ಕಾಲಿನ ನೋವನ್ನು ತಪ್ಪಿಸಿಕೊಳ್ಳಲು ಕುದುರೆ ಓರೆಯಾಗಿ ನಡೆಯುತ್ತದೆ, ಓರೆ ನಡಿಗೆಯಿಂದ ಬೆನ್ನು ನೋಯುತ್ತದೆ. ಬೆನ್ನಿನ ನೋವು ಬಹಳ ಸಲ ಫಲ, ಮೂಲವಲ್ಲ. ಪಶುವೈದ್ಯರು ನೋಡುವ ತನಕ ನೋವಿನ ಔಷಧಿ ಕೊಡಲೇಬೇಡಿ. ಕುಂಟು ಮಾಯವಾದರೆ ಹುಡುಕುವುದೇನನ್ನು?

ಹಂತ 1: ಜ್ವರ, ನಾಡಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಮೈಬಿಸಿ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44. ಇದಕ್ಕಿಂತ ಹೆಚ್ಚಿದ್ದರೆ ಮುಂದಿನ ಹಂತಗಳನ್ನು ಬಿಟ್ಟು ವೈದ್ಯರಿಗೆ ಫೋನ್ ಮಾಡಿ.

ಹಂತ 2: ಗೊರಸು. ನಾಲ್ಕನ್ನೂ ಎತ್ತಿ ಕೆರೆದು ನೋಡಿ. ಇದ್ದಕ್ಕಿದ್ದಂತೆ ಜೋರಾಗಿ ಕುಂಟುವ ಕುದುರೆಗೆ ಗೊರಸಿನೊಳಗೆ ಕೀವು ಕಟ್ಟಿರುವ ಸಾಧ್ಯತೆಯೇ ಹೆಚ್ಚು. ನಾಲ್ಕನ್ನೂ ಮುಟ್ಟಿ ಬಿಸಿ ಹೋಲಿಸಿ. ಫೆಟ್‌ಲಾಕ್ ಕೀಲಿನ (ಗೊರಸಿನಿಂದ ಸ್ವಲ್ಪ ಮೇಲಿರುವ ಗಂಟು) ಹಿಂದೆ ಎರಡೂ ಪಕ್ಕ ಬೆರಳಿಟ್ಟು ನಾಡಿ ಹುಡುಕಿ. ಆರೋಗ್ಯದ ಕಾಲಿನಲ್ಲಿ ಅದು ಸಿಗುವುದೇ ಕಷ್ಟ. ಒಂದೇ ಕಾಲಿನಲ್ಲಿ ದಡದಡ ಬಡಿದರೆ ಕೀವಿನ ಅನುಮಾನ. ಎರಡೂ ಮುಂಗಾಲಲ್ಲಿ ಬಡಿದರೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರಗಳ ಉರಿಯೂತ) ಅನುಮಾನ, ಆ ಕುದುರೆಯನ್ನು ನಡೆಸಲೇಬೇಡಿ. ಅಂಗಾಲಿಗೆ ಮೊಳೆ ಹೊಕ್ಕಿದ್ದರೆ ಸಾಧ್ಯವಾದಷ್ಟೂ ಕೀಳದೆ, ಇನ್ನೂ ಒಳಗೆ ಹೋಗದಂತೆ ಕಟ್ಟಿಡಿ. ಎಕ್ಸ್-ರೇಯಲ್ಲಿ ಅದು ಎಲ್ಲಿಗೆ ತಾಗಿದೆ ಎಂದು ವೈದ್ಯರು ನೋಡಬೇಕು. ಕೀವು ಹುಡುಕಲು ನೀವೇ ಚಾಕು ಹಿಡಿಯುವುದು ಬೇಡ.

ಹಂತ 3: ಯಾವ ಕಾಲು? ಎಡವುವುದು ಇಲ್ಲೇ. ಕಾಲಿನ ಮೇಲೆ ಭಾರವನ್ನೇ ಹಾಕದ ಕುದುರೆಯನ್ನು ಓಡಿಸಬೇಡಿ, ಎಲುಬು ಬಿರುಕು ಬಿಟ್ಟಿರಬಹುದು. ಉಳಿದವನ್ನು ಗಟ್ಟಿಯಾದ, ಸಮತಟ್ಟು ನೆಲದಲ್ಲಿ 25–30 ಮೀಟರ್ ನೇರವಾಗಿ ಟ್ರಾಟ್ (ಎದುರು-ಬದುರು ಮೂಲೆಯ ಕಾಲುಗಳು ಜೋಡಿಯಾಗಿ ಊರುವ ಕುಕ್ಕುಲೋಟ) ಮಾಡಿಸಿ. ನಡಿಗೆಯಲ್ಲಿ ಸಣ್ಣ ಕುಂಟು ಕಾಣುವುದಿಲ್ಲ, ನಾಗಾಲೋಟದಲ್ಲಿ ಅಡಗಿಹೋಗುತ್ತದೆ. ಹಗ್ಗ ಹಿಡಿದವರು ಅದನ್ನು ಸಡಿಲ ಬಿಡಬೇಕು. ಬಿಗಿಹಿಡಿದರೆ ತಲೆಯ ಚಲನೆ ನಿಂತುಹೋಗುತ್ತದೆ, ಓದಬೇಕಾದದ್ದು ಅದನ್ನೇ.

ಮುಂಗಾಲಿನ ನೋವಾದರೆ, ನೋಯುವ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಊರಿದಾಗ ತಗ್ಗುತ್ತದೆ. ತಲೆ ತಗ್ಗಿದ ಕಡೆಯ ಕಾಲನ್ನೇ ದೂರಿ, ಚೆನ್ನಾಗಿರುವ ಕಾಲಿಗೆ ಪಟ್ಟಿ ಸುತ್ತಿದವರು ಬೇಕಾದಷ್ಟು ಮಂದಿ. ಹಿಂಗಾಲಿಗೆ ತಲೆ ಬಿಟ್ಟು ಸೊಂಟ ನೋಡಿ. ಎರಡೂ ಸೊಂಟದ ಎಲುಬಿನ ಮೇಲೆ ಬಿಳಿ ಟೇಪು ಅಂಟಿಸಿ ಹಿಂದೆ ನಿಂತರೆ, ಹೆಚ್ಚು ಮೇಲೆ–ಕೆಳಗೆ ಆಡುವ ಕಡೆಯದೇ ಸಾಮಾನ್ಯವಾಗಿ ನೋವಿನ ಕಾಲು. ಒಂದು ಮೋಸವಿದೆ: ಎಡ ಹಿಂಗಾಲು ಜೋರಾಗಿ ನೊಂದರೆ, ಅದು ಬಲ ಮುಂಗಾಲಿನ ಜೊತೆ ಊರುವಾಗ ಕುದುರೆ ಭಾರವನ್ನು ಮುಂದಕ್ಕೆ ತಳ್ಳಿ ತಲೆ ತಗ್ಗಿಸುತ್ತದೆ. ನೋಡುವವರಿಗೆ ಎಡ ಮುಂಗಾಲೇ ಕುಂಟಿದಂತೆ ಕಾಣುತ್ತದೆ. ಹಾಗಾಗಿ ತಲೆ ಆಡಿದರೂ ಸೊಂಟ ನೋಡದೆ ಬಿಡಬೇಡಿ.

ಎರಡೂ ಮುಂಗಾಲು ನೊಂದರೆ ತಲೆ ಆಡುವುದೇ ಇಲ್ಲ, ಹೆಜ್ಜೆ ಮಾತ್ರ ಗಿಡ್ಡ. ‘ಭುಜ ಬಿಗಿದಿದೆ’ ಎಂದು ತಪ್ಪು ತಿಳಿಯುವುದು ಇದನ್ನೇ. ಉದ್ದ ಹಗ್ಗದಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕಿಸಿ; ಸಾಮಾನ್ಯವಾಗಿ ಸುತ್ತಿನ ಒಳಗಡೆಯ ಕಾಲು ತನ್ನ ನೋವನ್ನು ಹೇಳಿಬಿಡುತ್ತದೆ. ಫೋನಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿಡಿ. ಹತ್ತು ಜನರ ಅಭಿಪ್ರಾಯಕ್ಕಿಂತ ಅದು ಮೇಲು.

ಹಂತ 4: ಸ್ನಾಯು. ಬೆರಳತುದಿಯಿಂದ ತಿವಿದರೆ ಯಾವ ಕುದುರೆಯೂ ಬೆಚ್ಚುತ್ತದೆ. ಅಂಗೈ ಊರಿ, ಭುಜದ ಹಿಂದಿನಿಂದ ಸೊಂಟದವರೆಗೆ ನಿಧಾನ ಒತ್ತಡದಲ್ಲಿ ಸಾಗಿ, ಎರಡೂ ಪಕ್ಕ ಹೋಲಿಸಿ. ಜೀನಿನ ಅಡಿಯಲ್ಲೇ ನೋವಿದ್ದರೆ, ಸವಾರಿಯ ನಂತರ ಬೆವರಿನ ನಡುವೆ ಒಣ ತೇಪೆ ಉಳಿದಿದ್ದರೆ, ಬಿಳಿ ಕೂದಲು ಮೂಡಿದ್ದರೆ ತಪ್ಪು ಜೀನಿನದು. ದಪ್ಪ ಪ್ಯಾಡ್ ಕೊಳ್ಳಬೇಡಿ. ಬಿಗಿಯಾದ ಚಪ್ಪಲಿಗೆ ಎರಡು ಜೊತೆ ಕಾಲುಚೀಲ ಹಾಕಿದ ಹಾಗೆ.

ತುರ್ತು ಸ್ಥಿತಿ. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೇ ಕುದುರೆ ಬೆವತು, ಹಿಂಗಾಲು ಸೆಟೆದು, ಪೃಷ್ಠದ ಸ್ನಾಯು ಕಲ್ಲಿನಂತಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಟೈಯಿಂಗ್-ಅಪ್, ಸ್ನಾಯುವಿನ ಎಳೆಗಳೇ ಒಡೆಯುವ ಸ್ಥಿತಿ. ‘ನಡೆಸಿದರೆ ಸಡಿಲವಾಗುತ್ತದೆ’ ಎಂಬ ಮಾತು ಕೇಳಬೇಡಿ, ಪ್ರತಿ ಹೆಜ್ಜೆಯೂ ಇನ್ನಷ್ಟು ಹಾನಿ ಮಾಡುತ್ತದೆ. ನಿಂತಲ್ಲೇ ಇಳಿದು, ಜೀನು ತೆಗೆದು, ನೀರು ಕೊಡಿ. ಮೂತ್ರಕ್ಕೆ ಆ ಬಣ್ಣ ತರುವ ಮಯೊಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ನೀರಿನಂಶ ಇಳಿದ ಮೈಗೆ ಫಿನೈಲ್‌ಬ್ಯುಟಜೋನ್‌ನಂಥ ನೋವಿನ ಔಷಧಿ ಹೋದರೆ ಪೆಟ್ಟು ಇಮ್ಮಡಿ.

ರಕ್ತಪರೀಕ್ಷೆಗೂ ಹೊತ್ತುಗೊತ್ತು ಇದೆ. ಸ್ನಾಯು ಒಡೆದಾಗ ಸಿಕೆ, ಎಎಸ್‌ಟಿ ಎಂಬ ಎರಡು ಕಿಣ್ವಗಳು ರಕ್ತಕ್ಕೆ ಸೋರುತ್ತವೆ. 4–6 ಗಂಟೆಗೆ ಸಿಕೆ ತುತ್ತತುದಿಗೇರಿ ಬೇಗ ಇಳಿಯುತ್ತದೆ. ಎಎಸ್‌ಟಿ ಸುಮಾರು 24 ಗಂಟೆಗೆ ಏರಿ ವಾರಗಟ್ಟಲೆ ಉಳಿಯಬಹುದು. ಸಿಕೆ ಸಹಜ, ಎಎಸ್‌ಟಿ ಹೆಚ್ಚು ಎಂದರೆ ಹಾನಿ ಹಳೆಯದು. ಟೈಯಿಂಗ್-ಅಪ್ ಮತ್ತೆ ಮತ್ತೆ ಬಂದರೆ ಪಿಎಸ್‌ಎಸ್‌ಎಂ (ಸ್ನಾಯುವಿನಲ್ಲಿ ಸಕ್ಕರೆ ಅಸಹಜವಾಗಿ ಶೇಖರವಾಗುವ ವಂಶವಾಹಿ ರೋಗ) ಮೊದಲ ಬಗೆಯ ಪರೀಕ್ಷೆ ಮಾಡಿಸಿ. ಬುಡಸಮೇತ ಕಿತ್ತ ಕೂದಲು ಸಾಕು.

ಮೇವು. ಟೈಯಿಂಗ್-ಅಪ್ ಆದ ಕುದುರೆಗೆ ಧಾನ್ಯ ತಗ್ಗಿಸಿ, ಒಣಹುಲ್ಲು ಹೆಚ್ಚಿಸಿ, ಕೊರತೆ ಬೀಳುವ ಶಕ್ತಿಯನ್ನು ಎಣ್ಣೆಯಿಂದ ತುಂಬಿ. 500 ಕಿಲೋ ಕುದುರೆಗೆ ವಿಟಮಿನ್ ಇ ದಿನಕ್ಕೆ 1000–2000 ಐಯು (ಅಂತರರಾಷ್ಟ್ರೀಯ ಘಟಕ) ಕೊಡಬಹುದು. ಸೆಲೆನಿಯಂ ಎಲ್ಲ ಮೂಲಗಳಿಂದ ಸೇರಿ 1–3 ಮಿಲಿಗ್ರಾಂ ಸಾಕು. ಅತಿಯಾದರೆ ಕೇಸರ, ಬಾಲದ ಕೂದಲು ಉದುರಿ ಗೊರಸು ಬಿರಿಯುತ್ತದೆ. ಎಷ್ಟೆಷ್ಟು ಏನಿದೆ ಎಂದು ಚೀಟಿಯಲ್ಲಿ ಬರೆಯದ ‘ಸ್ನಾಯು ಟಾನಿಕ್’ ಬಾಟಲಿಗಳನ್ನು ಅಂಗಡಿಯಲ್ಲೇ ಬಿಡಿ. ಕೋಳಿ, ದನಗಳ ಮೇವಿನ ಚೀಲ ಲಾಯದ ಹತ್ತಿರವೂ ಬರಬಾರದು. ಅದರಲ್ಲಿ ಮೊನೆನ್ಸಿನ್ ಎಂಬ, ಮೇವಿಗೆ ಬೆರೆಸುವ ಔಷಧಿ ಇದ್ದರೆ ಕುದುರೆಯ ಹೃದಯದ ಸ್ನಾಯುವೇ ಹಾಳಾಗುತ್ತದೆ.

ಸಿಕೆ ಇಳಿದ ಮೇಲೆ ದಿನವೂ ಸ್ವಲ್ಪ ಸ್ವಲ್ಪ ಕೈಹಿಡಿದು ನಡೆಸಿ, ಆಮೇಲೆ ಸವಾರಿ. ವಾರವಿಡೀ ದುಡಿಸಿ ಭಾನುವಾರ ಪೂರ್ತಿ ಕಟ್ಟಿಹಾಕುವುದು ಬೇಡ. ಕೆಲಸವಿಲ್ಲದ ದಿನ ಧಾನ್ಯವೂ ಇಲ್ಲ.