ಮಂಗಮ್ಮನನ್ನೂ ಬೂಢೀ ಕಾಕಿಯನ್ನೂ ಪಕ್ಕಪಕ್ಕ ಕೂರಿಸಿ ಓದಿದೆ

ನಮ್ಮದೊಂದು ಚಿಕ್ಕ ಓದುಗರ ಗುಂಪಿದೆ. ಹತ್ತು ಹನ್ನೆರಡು ಜನ, ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಎರಡು ಸಣ್ಣ ಕತೆಗಳನ್ನು ಹೋಲಿಸಿ ಮಾತಾಡುವ ಸರದಿ ನನಗೆ ಬಂದಾಗ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಮತ್ತು ಪ್ರೇಮ್‌ಚಂದರ ‘ಬೂಢೀ ಕಾಕಿ’ (ಅಂದರೆ ಮುದಿ ಚಿಕ್ಕಮ್ಮ) ಆರಿಸಿಕೊಂಡೆ. ಕಾಕಿಯ ಕತೆಯನ್ನು ಶಾಲೆಯ ಹಿಂದಿ ಪಾಠದಲ್ಲಿ ಓದಿ ಅತ್ತಿದ್ದೆ. ಮಂಗಮ್ಮನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡರಲ್ಲೂ ಒಬ್ಬ ಮುದುಕಿ, ಮನೆಯಲ್ಲಿ ಅವಳಿಗೆ ಎದುರಾಗಿ ಒಬ್ಬ ಹೆಂಗಸು, ನಡುವೆ ಒಂದು ಮಗು. ಹೋಲಿಸುವುದು ಸುಲಭ ಅಂದುಕೊಂಡೆ.

ಸುಲಭವಾಗಿಯೇ ಶುರು ಮಾಡಿದೆ. ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ಮಂಗಮ್ಮ, ಬಲಗಡೆ ಕಾಕಿ ಎಂದು ಬರೆದೆ. ಇಬ್ಬರೂ ವಿಧವೆಯರು, ಇಬ್ಬರಿಗೂ ಮನೆಯಲ್ಲಿ ಅವಮಾನ, ಇಬ್ಬರಿಗೂ ಮಗು ಕಂಡರೆ ಪ್ರಾಣ. ವಿಷಯ: ವೃದ್ಧಾಪ್ಯ. ಒಂದು ಗಂಟೆಯಲ್ಲಿ ಹಾಳೆ ತುಂಬಿತು. ಮಾರನೇ ದಿನ ಓದಿ ನೋಡಿದರೆ ಅದರಲ್ಲಿ ಕತೆಯೇ ಇರಲಿಲ್ಲ. ವೃದ್ಧಾಪ್ಯ ಅನ್ನುವ ಪದದೊಳಗೆ ಯಾವ ಮುದುಕಿಯನ್ನು ಬೇಕಾದರೂ ಕೂರಿಸಬಹುದು ಅಲ್ವಾ? ಈ ಮಂಗಮ್ಮ, ಈ ಕಾಕಿ ಎಲ್ಲೂ ಕಾಣಲಿಲ್ಲ.

ಹಾಳೆ ಪಕ್ಕಕ್ಕಿಟ್ಟು ಎರಡೂ ಕತೆಗಳನ್ನು ಮತ್ತೆ ಓದಿದೆ. ಈ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು ಎರಡೇ ಸಂಗತಿಗಳಿಗೆ ಗುರುತು ಹಾಕುತ್ತಾ ಹೋದೆ. ದುಡ್ಡು ಎಲ್ಲಿ ಬರುತ್ತದೆ, ಊಟ ಎಲ್ಲಿ ಬರುತ್ತದೆ, ಅಷ್ಟೇ. ಹೀಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಂಗಮ್ಮ ಮೊಸರು ಮಾರುವವಳು, ಕಾಕಿ ಪೂರಿಗಾಗಿ ಕಾದು ಕೂತವಳು, ಹಾಗಾಗಿ ಅದೇ ಹೊಳೆಯಿತು.

ಅಲ್ಲಿಂದ ಕತೆಗಳು ಬಾಯಿ ಬಿಟ್ಟವು. ಕಾಕಿ ತನ್ನ ಆಸ್ತಿಯನ್ನೆಲ್ಲ ಗಂಡನ ಕಡೆಯ ನೆಂಟ ಬುದ್ಧಿರಾಮನ ಹೆಸರಿಗೆ ಬರೆದುಕೊಟ್ಟಿದ್ದಾಳೆ. ಅದರಿಂದ ವರ್ಷಕ್ಕೆ 150-200 ರೂಪಾಯಿ ಬರುತ್ತದೆ, ಆದರೂ ಅವಳಿಗೆ ಹೊಟ್ಟೆ ತುಂಬ ಊಟವಿಲ್ಲ. ಮನೆಯ ಹಿರಿಯ ಹುಡುಗನ ತಿಲಕದ (ಮದುವೆಗೆ ಮುಂಚಿನ ಶಾಸ್ತ್ರ) ದಿನ ಪೂರಿ ಕರಿಯುವ ವಾಸನೆಗೆ ತಡೆಯಲಾರದೆ ತೆವಳಿಕೊಂಡು ಬಾಣಲೆಯ ಹತ್ತಿರ ಬರುತ್ತಾಳೆ, ಬೈಸಿಕೊಂಡು ಹಿಂದಕ್ಕೆ ಹೋಗುತ್ತಾಳೆ. ಮಂಗಮ್ಮ ಸೊಸೆ ನಂಜಮ್ಮನ ಜೊತೆ ಜಗಳವಾಡಿ ಬೇರೆ ಒಲೆ ಹೂಡಿದರೂ ಹಸಿದಿಲ್ಲ. ದಿನಾ ಬೆಂಗಳೂರಿಗೆ ಹೋಗಿ ಮೊಸರು ಮಾರಿ ನಾಲ್ಕು ಕಾಸು ತರುತ್ತಾಳೆ. ಇಷ್ಟು ವರ್ಷ ಯಾರಿಗಾಗಿ ಕೂಡಿಟ್ಟೆ ಅನ್ನಿಸಿ ಒಂದು ಮಕಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಅವಳ ಕೈಯಲ್ಲಿ ದುಡ್ಡಿದೆ ಎಂದೇ ರಂಗಪ್ಪ ಅನ್ನುವವನು ಹತ್ತಿರ ಸುಳಿಯುತ್ತಾನೆ.

ಅಂದರೆ ಒಬ್ಬಳು ಕೊಟ್ಟು ಮುಗಿಸಿದವಳು, ಇನ್ನೊಬ್ಬಳು ಇನ್ನೂ ಕೈಯಲ್ಲಿ ಇಟ್ಟುಕೊಂಡವಳು. ಕಾಕಿ ಹತ್ತಿರ ಅಳು ಒಂದೇ ಉಳಿದಿದೆ. ಮಂಗಮ್ಮ ಜಗಳ ಆಡಬಲ್ಲಳು, ಮುನಿಸಿಕೊಳ್ಳಬಲ್ಲಳು, ಆಸೆ ಪಡಬಲ್ಲಳು, ತಪ್ಪು ದಾರಿಯ ಅಂಚಿನವರೆಗೂ ಹೋಗಿ ಬರಬಲ್ಲಳು. ಅವಳ ಸ್ವಭಾವ ಅಂತ ನಾನು ಬರೆದುಕೊಂಡಿದ್ದರಲ್ಲಿ ಅರ್ಧ ಮೊಸರಿನ ಗಡಿಗೆಯಿಂದ ಬಂದದ್ದು.

ಆಮೇಲೆ ಮಗುವಿನ ವಿಚಾರಕ್ಕೆ ಬಂದೆ. ನನಗೆ ತುಂಬ ಇಷ್ಟವಾದದ್ದು ಇದೇ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮೊದಲ ಹಾಳೆಯಲ್ಲಿ ‘ಎರಡರಲ್ಲೂ ಮಗುವಿನ ಪ್ರೀತಿ ಮುದುಕಿಯನ್ನು ಉಳಿಸುತ್ತದೆ’ ಎಂದು ಬರೆದಿದ್ದೆ. ಸುಳ್ಳಲ್ಲ, ಆದರೆ ಮಗು ಏನು ಮಾಡುತ್ತದೆ ಎಂದು ಮಾತ್ರ ನೋಡುತ್ತಾ ಓದಿದಾಗ ಬೇರೆಯೇ ಕಂಡಿತು. ಬುದ್ಧಿರಾಮನ ಪುಟ್ಟ ಮಗಳು ಲಾಡ್ಲಿ ತನ್ನ ಪಾಲಿನ ಪೂರಿಯನ್ನು ಬೊಂಬೆ ಇಡುವ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ರಾತ್ರಿ 11 ಗಂಟೆಯಾದರೂ ನಿದ್ದೆ ಮಾಡದೆ, ಅಮ್ಮ ಮಲಗಿದ ಮೇಲೆ ಕತ್ತಲಲ್ಲಿ ಕಾಕಿಯ ಕೋಣೆಗೆ ಹೋಗುತ್ತಾಳೆ. ಅವಳಿಗೆ ಯಾರೂ ಹೇಳಿಲ್ಲ, ಹೇಳಿದ್ದರೆ ಬೇಡ ಎಂದೇ ಹೇಳುತ್ತಿದ್ದರು. ಮಂಗಮ್ಮನ ಮೊಮ್ಮಗನೂ ಅಪ್ಪ ಅಮ್ಮನನ್ನು ಬಿಟ್ಟು ಅಜ್ಜಿಯ ಹತ್ತಿರ ಇರುತ್ತೇನೆಂದು ಬರುತ್ತಾನೆ, ಮಂಗಮ್ಮ ಕರಗಿ ಹೋಗುತ್ತಾಳೆ. ಆದರೆ ಅವನನ್ನು ಕಳಿಸಿದವಳು ನಂಜಮ್ಮ. ಅತ್ತೆಯ ದುಡ್ಡು ರಂಗಪ್ಪನ ಪಾಲಾಗುತ್ತದೆ ಎಂದು ತಿಳಿದು ಅವಳೇ ಮಗುವಿಗೆ ಹೇಳಿಕೊಟ್ಟಿರುತ್ತಾಳೆ.

ಇದು ಗೊತ್ತಾದ ಮೇಲೂ ಮೊಮ್ಮಗನ ಪ್ರೀತಿ ಸುಳ್ಳಾಗುವುದಿಲ್ಲ, ಮಂಗಮ್ಮನ ಸಂತೋಷವೂ ಸುಳ್ಳಾಗುವುದಿಲ್ಲ. ಮಾಸ್ತಿಯವರು ಲೆಕ್ಕಾಚಾರವನ್ನೂ ಪ್ರೀತಿಯನ್ನೂ ಒಂದೇ ಮಗುವಿನ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಪ್ರೇಮ್‌ಚಂದರು ಮಗುವನ್ನು ದೊಡ್ಡವರ ಲೆಕ್ಕದಿಂದ ಪೂರ್ತಿ ಹೊರಗಿಡುತ್ತಾರೆ. ನನಗೆ ಲಾಡ್ಲಿ ಕಾಕಿಯ ಕೋಣೆಗೆ ಹೋಗುವುದು ಕಣ್ಣಿಗೆ ಕಟ್ಟುತ್ತದೆ, ಆದರೆ ನಾನು ಕಂಡ ಮನೆಗಳಲ್ಲಿ ಮಗು ಬರುವುದು ಮಂಗಮ್ಮನ ಮೊಮ್ಮಗ ಬಂದ ಹಾಗೆಯೇ. ಅಜ್ಜಿ ಮುನಿಸಿಕೊಂಡರೆ ನಮ್ಮಮ್ಮ ನನ್ನ ಕೈಯಲ್ಲೇ ಕಾಫಿ ಕಳಿಸುತ್ತಿದ್ದರು.

ಎದುರು ನಿಂತ ಹೆಂಗಸರ ವಿಚಾರದಲ್ಲಿ ನಾನು ಎಡವಿದೆ. ಮಂಗಮ್ಮನ ಕತೆ ಹೇಳುವವಳು ಮೊಸರು ಕೊಳ್ಳುವ ಮನೆಯಾಕೆ. ಮೊದಲು ಮಂಗಮ್ಮನ ಬಾಯಿಂದಲೇ ಎಲ್ಲ ಕೇಳುತ್ತಾಳೆ, ನಾವೂ ಅವಳ ಜೊತೆ ಸೊಸೆಯನ್ನು ಬೈದುಕೊಳ್ಳುತ್ತೇವೆ. ಕೊನೆಗೆ ನಂಜಮ್ಮನೇ ಬಂದು ಮಾತಾಡಿದಾಗ ಅವಳ ಕಡೆಯೂ ನ್ಯಾಯ ಕಾಣುತ್ತದೆ. ಕಾಕಿಯ ಕತೆಯಲ್ಲಿ ಬುದ್ಧಿರಾಮನ ಹೆಂಡತಿ ರೂಪಾಗೆ ಇಂಥ ಅವಕಾಶವಿಲ್ಲ, ಆದ್ದರಿಂದ ಪ್ರೇಮ್‌ಚಂದರು ಅವಳನ್ನು ಕೆಟ್ಟವಳಾಗಿ ಮಾಡಿದ್ದಾರೆ ಎಂದು ಗುಂಪಿನಲ್ಲಿ ಹೇಳಿಬಿಟ್ಟೆ. ಒಬ್ಬ ಗೆಳತಿ ತಕ್ಷಣ ತಡೆದಳು. ತಿಲಕದ ದಿನ ರೂಪಾ ಹೇಗೆ ಓಡಾಡುತ್ತಾಳೆ ನೋಡು ಎಂದಳು. ಒಬ್ಬ ಅದು ಕೇಳುತ್ತಾನೆ, ಇನ್ನೊಬ್ಬ ಇದು ಕೇಳುತ್ತಾನೆ, ಅವಳಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಅದೇ ಹೊತ್ತಿಗೆ ಕಾಕಿ ಬಾಣಲೆಯ ಹತ್ತಿರ ಕೂತದ್ದು ಕಾಣುತ್ತದೆ. ಗೆಳತಿ ಹೇಳಿದ್ದು ಸರಿ. ರೂಪಾಳ ಕಷ್ಟ ಅಲ್ಲಿದೆ, ಅದನ್ನು ಲೇಖಕರು ಹೇಳುತ್ತಾರೆ, ಅವಳು ಹೇಳಿಕೊಳ್ಳುವುದಿಲ್ಲ ಅಷ್ಟೇ. ನಂಜಮ್ಮನಿಗೆ ಬಾಯಿ ಕೊಟ್ಟಿದ್ದಾರೆ, ರೂಪಾಗೆ ಕಣ್ಣು. ಕಾಕಿ ಎಂಜಲೆಲೆಯಿಂದ ತುಣುಕು ಆರಿಸಿ ತಿನ್ನುವುದನ್ನು ನೋಡುವವಳು ರೂಪಾ. ದೇವರಿಗೆ ಹೆದರಿ ತಟ್ಟೆ ತುಂಬಿಸಿಕೊಂಡು ಬಂದು, ಕಾಕಿ ಉಣ್ಣುವುದನ್ನು ನೋಡುತ್ತಾ ಪಕ್ಕದಲ್ಲಿ ಕೂರುವವಳೂ ಅವಳೇ.

ಅಲ್ಲಿಂದ ಮಾತು ಗಂಡಸರ ಕಡೆ ಹೊರಳಿತು. ಆಸ್ತಿ ಬರೆಸಿಕೊಂಡವನು ಬುದ್ಧಿರಾಮ. ನೆಂಟರ ಮುಂದೆ ಕಾಕಿಯನ್ನು ಎಳೆದುಕೊಂಡು ಹೋಗಿ ಕತ್ತಲೆ ಕೋಣೆಗೆ ತಳ್ಳಿದವನೂ ಅವನೇ. ಆದರೆ ಪಶ್ಚಾತ್ತಾಪ ಪಡುವ ಕೆಲಸ ಹೆಂಡತಿಗೆ ಬಂತು. ಮಂಗಮ್ಮನ ಮಗನೂ ಹಾಗೆಯೇ, ಹೆಂಡತಿಯ ಪರ ಒಂದು ಮಾತು ಹೇಳಿ ಪಕ್ಕಕ್ಕೆ ಸರಿಯುತ್ತಾನೆ. ಮಿಕ್ಕಿದ್ದನ್ನೆಲ್ಲ ಅತ್ತೆ ಸೊಸೆಯರೇ ಹೊಡೆದಾಡಿ ಮುಗಿಸಬೇಕು. 1880ರಲ್ಲಿ ಬನಾರಸ್ ಹತ್ತಿರ ಹುಟ್ಟಿದ ಪ್ರೇಮ್‌ಚಂದರೊಬ್ಬರು, 1891ರಲ್ಲಿ ಹುಟ್ಟಿದ ಮಾಸ್ತಿಯವರೊಬ್ಬರು. ಅಷ್ಟು ದೂರದ ಎರಡು ಮನೆಗಳಲ್ಲಿ ಗಂಡಸರು ಒಂದೇ ಬಾಗಿಲಿಂದ ಜಾರಿಕೊಂಡಿದ್ದಾರೆ. ನನ್ನ ಎರಡು ಕಾಲಮ್ಮಿನ ಹಾಳೆಯಲ್ಲಿ ಇವರಿಬ್ಬರ ಹೆಸರೇ ಇರಲಿಲ್ಲ, ಮುದುಕಿಯರನ್ನು ಮಾತ್ರ ನೋಡುತ್ತಿದ್ದೆ.

ಹೀಗೆ ಓದುವಾಗ ನನಗೆ ಉಪಯೋಗಕ್ಕೆ ಬಂದದ್ದು ಒಂದೇ ರೂಢಿ. ಎಲ್ಲಿ ಎರಡು ಕತೆಗಳು ಒಂದೇ ಥರ ಅನ್ನಿಸುತ್ತವೋ ಅಲ್ಲೇ ನಿಂತು, ಆ ಪುಟಕ್ಕೆ ವಾಪಸ್ ಹೋಗಿ, ಯಾರು ಏನು ಮಾಡಿದರು, ಯಾಕೆ ಮಾಡಿದರು ಎಂದು ಸಾಲು ಸಾಲಾಗಿ ನೋಡುವುದು. ನೆನಪಿನಿಂದ ಹೋಲಿಸಿದರೆ ಮೋಸ ಹೋಗುತ್ತೇವೆ, ನೆನಪು ಎರಡೂ ಕತೆಗಳನ್ನು ಒಂದೇ ಅಚ್ಚಿಗೆ ಹಾಕಿಬಿಟ್ಟಿರುತ್ತದೆ.

ಅಂದು ಎಲ್ಲರೂ ಏಳುವ ಹೊತ್ತಿಗೆ ಗುಂಪಿನ ಹಿರಿಯರೊಬ್ಬರು, ಅವರಿಗೆ ಎಪ್ಪತ್ತು ದಾಟಿದೆ, ಒಂದು ಪ್ರಶ್ನೆ ಕೇಳಿದರು. ಕೊನೆಯಲ್ಲಿ ಮೊಸರು ಮಾರುವ ಕೆಲಸವನ್ನು ಮಂಗಮ್ಮ ಸೊಸೆಗೆ ಬಿಟ್ಟುಕೊಡುತ್ತಾಳೆ, ಮನೆಯಲ್ಲಿ ಮೊಮ್ಮಗನ ಜೊತೆ ಇರುತ್ತಾಳೆ, ಸರಿ, ಆದರೆ ಆಮೇಲೆ ಮೊಸರಿನ ದುಡ್ಡು ಯಾರ ಸೆರಗಿನ ಗಂಟಿನಲ್ಲಿ ಇರುತ್ತದೆ ಎಂದರು. ಕಾಕಿಯೂ ಒಳ್ಳೆಯ ಮಾತು ಕೇಳಿಯೇ ಕಾಗದ ಬರೆದುಕೊಟ್ಟಳಲ್ಲ ಎಂದು ಸೇರಿಸಿದರು. ಯಾರೂ ಉತ್ತರ ಕೊಡಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದೆ. ನಂಜಮ್ಮ ಮೊಸರು ಹೊತ್ತು ಬರುವ ಪುಟದ ಅಂಚಿನಲ್ಲಿ ನಾನು ಪೆನ್ಸಿಲ್ಲಿನಿಂದ ‘ಸುಖಾಂತ್ಯ’ ಎಂದು ಬರೆದಿದ್ದೆ. ಅದನ್ನು ಅಳಿಸಿ ಅವರ ಪ್ರಶ್ನೆಯನ್ನು ಬರೆದಿಟ್ಟೆ.