ಪೌಂಡ್ ಏರಿಸಿದರೆ ಗಟ್ ಸರಿಯೋದು ನಿಲ್ಲುತ್ತಾ?

ನಮ್ಮ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಯಾರಾದರೂ ಪಾಯಿಂಟ್ ಮುಗಿದ ಮೇಲೆ ಬೆರಳಲ್ಲಿ ಗಟ್, ಅಂದರೆ ರ‍್ಯಾಕೆಟ್ಟಿನ ದಾರ, ನೇರ ಮಾಡುತ್ತಾ ನಿಂತರೆ ಸಾಕು, ಪಕ್ಕದವರ ಸಲಹೆ ರೆಡಿ: 'ಇನ್ನೆರಡು ಪೌಂಡ್ ಜಾಸ್ತಿ ಹಾಕಿಸ್ರೀ.' ಅಂದರೆ ಗಟ್ಟನ್ನು ಇನ್ನಷ್ಟು ಬಿಗಿಯಾಗಿ ಎಳೆಸಿ ಅಂತ. ಗಟ್ ಸರಿದರೆ ಪೌಂಡ್, ಶಾಟ್ ಹೊರಗೆ ಹೋದರೆ ಪೌಂಡ್, ಸ್ಮ್ಯಾಶ್‌ಗೆ ಸದ್ದು ಬರದಿದ್ದರೂ ಪೌಂಡೇ. ನಾನು ಮನೆಯಲ್ಲೇ ಗಟ್ಟಿಂಗ್ ಮಾಡಿಕೊಳ್ಳುತ್ತೇನೆ. ಸಣ್ಣದೊಂದು ಡ್ರಾಪ್ ವೇಟ್ ಮಷೀನ್ ಇದೆ, ಕಂಬಿಗೆ ತೂಕ ಸಿಕ್ಕಿಸಿದ ಹಳೇ ಥರದ್ದು, ಕಂಬಿ ಮಟ್ಟಸವಾಗಿ ನಿಂತಾಗ ಮಾತ್ರ ನಾವು ಇಟ್ಟ ಪೌಂಡ್ ಸರಿಯಾಗಿ ಬೀಳುತ್ತದೆ. ಯಾವ ಗಟ್, ಎಷ್ಟು ಪೌಂಡ್, ಎರಡೂ ನನ್ನ ಕೈಯಲ್ಲೇ ಇರುವಾಗ ಈ ಸಲಹೆ ಎಷ್ಟು ನಿಜ ಅಂತ ನೋಡೇಬಿಡೋಣ ಅನ್ನಿಸಿತು.

ಮಾಡಿದ್ದು ತುಂಬಾ ಸುಲಭದ ಕೆಲಸ. ಹೊಸ ಗಟ್ ಹಾಕಿದ ಮೇಲೆ, ರ‍್ಯಾಕೆಟ್ ನಡುಭಾಗದಲ್ಲಿ ಉದ್ದದ ಗಟ್ಟೂ ಅಡ್ಡದ ಗಟ್ಟೂ ಸೇರುವ ಕೆಲವು ಜಾಗಗಳಲ್ಲಿ ಸಣ್ಣ ಮೊನೆಯ ಮಾರ್ಕರ್‌ನಿಂದ ಚುಕ್ಕಿ ಇಟ್ಟೆ. ಚುಕ್ಕಿ ಎರಡೂ ಗಟ್ಟಿಗೆ ತಾಗಬೇಕು, ಅಷ್ಟೇ. ಆಟ ಮುಗಿದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಉದ್ದದ ಗಟ್ಟಿನ ಅರ್ಧ ಚುಕ್ಕಿ, ಅಡ್ಡದ ಗಟ್ಟಿನ ಅರ್ಧ ಚುಕ್ಕಿ ಇನ್ನೂ ಜೊತೆಗಿವೆಯಾ, ದೂರವಾಗಿವೆಯಾ ಗೊತ್ತಾಗುತ್ತದೆ.

ಮೊದಲಿಗೆ ಯೋನೆಕ್ಸ್ ಕಂಪನಿಯ ಬಿಜಿ65. ದಪ್ಪ 0.70 ಮಿ.ಮೀ., ಬೇಗ ಹರಿಯಲ್ಲ, ಕ್ಲಬ್ ಆಟಗಾರರ ನೆಚ್ಚಿನ ಗಟ್. ಉದ್ದ, ಅಡ್ಡ ಎರಡಕ್ಕೂ 24 ಪೌಂಡ್. ಹೊಸದರಲ್ಲಿ ಚುಕ್ಕಿಗಳು ಬಹುತೇಕ ಇದ್ದಲ್ಲೇ ಇದ್ದವು. ಹಾಗಂತ ಗಟ್ ಸರಿಯಲೇ ಇಲ್ಲ ಅಂತಲ್ಲ. ಬೆರಳಲ್ಲಿ ಉದ್ದದ ಗಟ್ಟೊಂದನ್ನು ಪಕ್ಕಕ್ಕೆ ತಳ್ಳಿ ಬಿಟ್ಟರೆ ಅದು ಟಪ್ ಅಂತ ವಾಪಸ್ ಬರುತ್ತಿತ್ತು. ಕೆಲವು ವಾರ ಆಡಿದ ಮೇಲೆ ಅದೇ ಗಟ್ಟನ್ನು ತಳ್ಳಿದರೆ ತಳ್ಳಿದಲ್ಲೇ ನಿಲ್ಲುತ್ತಿತ್ತು. ನಡುವಿನ ಚುಕ್ಕಿಗಳೂ ಬೇರೆಯಾಗಿದ್ದವು. ನನಗೆ ವಿಷಯ ಹೊಳೆದದ್ದು ಇಲ್ಲೇ. ಎಲ್ಲಾ ಗಟ್ಟೂ ಸರಿಯುತ್ತದೆ. ನಮಗೆ ಕಿರಿಕಿರಿ ಆಗೋದು ಸರಿದ ಗಟ್ ವಾಪಸ್ ಬರದಿದ್ದಾಗ.

ಯಾಕೆ ಬರಲ್ಲ? ಎರಡು ಕಾರಣ ಕಾಣುತ್ತದೆ. ಒಂದು, ಗಟ್ಟಿನ ಮೇಲಿನ ಕೋಟಿಂಗ್ ಸವೆಯುತ್ತದೆ. ಉದ್ದದ್ದು ಅಡ್ಡದ್ದನ್ನು ಗರಗಸದ ಹಾಗೆ ಉಜ್ಜುತ್ತಲೇ ಇರುತ್ತದಲ್ವಾ, ಸೇರುವ ಜಾಗದಲ್ಲಿ ಕಚ್ಚು ಬಿದ್ದು ನಾರು ಏಳುತ್ತದೆ. ನುಣುಪು ಹೋದ ಮೇಲೆ ಜಾರಿ ವಾಪಸ್ ಬರೋದು ಹೇಗೆ? ಇನ್ನೊಂದು, ಎಳೆತವೇ ಕಮ್ಮಿಯಾಗಿರುತ್ತದೆ. ಮಷೀನಿನಿಂದ ಇಳಿಸಿದ ಮೊದಲ ದಿನವೇ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಹೋಗುತ್ತದೆ. ಆಮೇಲೆ ನಿಧಾನಕ್ಕೆ ಇಳಿಯುತ್ತಾ ಇರುತ್ತದೆ, ರ‍್ಯಾಕೆಟ್ ಗೋಡೆಗೆ ನೇತುಹಾಕಿದ್ದರೂ ಸರಿ. ಬೇಸಿಗೆಯಲ್ಲಿ ಕಾರ್ ಡಿಕ್ಕಿಯಲ್ಲಿ ಬಿಟ್ಟರಂತೂ ಕೇಳೋದೇ ಬೇಡ.

ಎಷ್ಟು ಇಳಿದಿದೆ ಅಂತ ನೋಡೋಕೆ ನಾನು ಫೋನಿನ ಟ್ಯೂನರ್ ಆ್ಯಪ್ ಬಳಸುತ್ತೇನೆ. ಗಟ್ ಹಾಕಿದ ದಿನ ನಡುವಿಗೆ ಬೆರಳಲ್ಲಿ ತಟ್ಟಿ ಬರುವ ಹರ್ಟ್ಜ್ ಸಂಖ್ಯೆ ಬರೆದಿಡೋದು, ಆಮೇಲೆ ಆಗಾಗ ತಟ್ಟಿ ನೋಡೋದು. ಇದರಲ್ಲಿ ಒಂದು ಲೆಕ್ಕ ಇದೆ. ಕಂಪನದ ಸಂಖ್ಯೆ ಎಳೆತದ ವರ್ಗಮೂಲದ ಜೊತೆ ಹೋಗುತ್ತದೆ. ಹಾಗಾಗಿ ಹರ್ಟ್ಜ್ ಐದು ಪರ್ಸೆಂಟ್ ಇಳಿದಿದ್ದರೆ ಪೌಂಡ್ ಸುಮಾರು ಹತ್ತು ಪರ್ಸೆಂಟ್ ಇಳಿದಿದೆ ಅಂತ ಅರ್ಥ. ಅದೇ ರ‍್ಯಾಕೆಟ್, ಅದೇ ಗಟ್ ಆಗಿರಬೇಕು. ನಿಮ್ಮದಕ್ಕೂ ಫ್ರೆಂಡಿನದಕ್ಕೂ ಹೋಲಿಸೋಕೆ ಹೋಗಬೇಡಿ.

ಆಮೇಲೆ ಅದೇ ಬಿಜಿ65 ಅನ್ನು 27ಕ್ಕೆ ಎಳೆದೆ. ಹೌದು, ಸರಿಯೋದು ಕಮ್ಮಿಯಾಯಿತು, ವಾಪಸ್ ಬರೋದೂ ಚುರುಕಾಯಿತು. ಆದರೆ ಕೋಟಿಂಗ್ ಸವೆದ ಮೇಲೆ ಇಲ್ಲೂ ಚುಕ್ಕಿಗಳು ಬೇರೆಯಾದವು, ಸ್ವಲ್ಪ ತಡವಾಗಿ ಅಷ್ಟೇ. ಅದಕ್ಕೆ ಕೊಟ್ಟ ಬೆಲೆ ಬೇರೆ ಇತ್ತು. ಸ್ವೀಟ್ ಸ್ಪಾಟ್, ಅಂದರೆ ಹೊಡೆತ ಚೆನ್ನಾಗಿ ಕೂರುವ ನಡುವಿನ ಜಾಗ, ಚಿಕ್ಕದಾಯಿತು. ಹಿಂದಿನ ಗೆರೆಯಿಂದ ಬ್ಯಾಕ್‌ಹ್ಯಾಂಡ್ ಕ್ಲಿಯರ್ ಮಾಡಿದರೆ ಅರ್ಧ ಕೋರ್ಟಿಗೇ ಬೀಳತೊಡಗಿತು. ದೊಡ್ಡ ಆಟಗಾರರು 30 ಪೌಂಡ್ ಮೇಲೆ ಹಾಕಿಸುತ್ತಾರೆ ನಿಜ, ಅವರ ಮಣಿಕಟ್ಟೂ ಬೇರೆ, ಅವರ ಕಿಟ್ಟಲ್ಲಿ ಇರುವ ರ‍್ಯಾಕೆಟ್‌ಗಳ ಸಂಖ್ಯೆಯೂ ಬೇರೆ. ವಾರಕ್ಕೆ ಮೂರ್ನಾಲ್ಕು ದಿನ ಡಬಲ್ಸ್ ಆಡುವ ನಮ್ಮಂಥವರಿಗೆ 24–25 ಬೇಕಾದಷ್ಟಾಯಿತು ಅನ್ನೋದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಪೌಂಡ್ ಏರಿಸುವ ಆಸೆಗೆ ಇನ್ನೊಂದು ಕಾರಣ ಇದೆ: ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು, ಶಟಲ್ ಓಡುತ್ತದೆ, ಎಲ್ಲಾ ಹೊರಗೆ ಹೋಗುತ್ತಿದೆ ಅನ್ನಿಸುತ್ತದೆ. ಅದಕ್ಕೆ ಮದ್ದು ನಿಧಾನದ ಶಟಲ್. ಮಂಗಳೂರಿನಲ್ಲಿ 77 ಸ್ಪೀಡ್ ಸರಿಹೋದರೆ ಇಲ್ಲಿ 76 ತಗೊಳ್ಳಿ, ಗಟ್ ತಂಟೆಗೆ ಹೋಗಬೇಡಿ.

ನಿಜವಾಗಿ ಫರಕ್ ಬಿದ್ದದ್ದು ಅಡ್ಡದ ಗಟ್ಟಿನಿಂದ. ಉದ್ದಕ್ಕೆ 24 ಇಟ್ಟು ಅಡ್ಡಕ್ಕೆ 26 ಎಳೆದೆ. ಗಟ್ಟಿಂಗ್ ಮಾಡುವವರಿಗೆ ಇದು ಹೊಸದೇನಲ್ಲ, ಫ್ರೇಮ್ ಆಕಾರ ಉಳಿಯಲಿ ಅಂತ ತುಂಬಾ ಜನ ಹೀಗೇ ಮಾಡುತ್ತಾರೆ. ಅಡ್ಡದ ಗಟ್ ಉದ್ದದ ಗಟ್ಟುಗಳ ಮೇಲೆ ಕೆಳಗೆ ನುಸುಳಿಕೊಂಡು ಹೋಗುತ್ತದೆ. ಒಂದೊಂದು ತಿರುವಿನಲ್ಲೂ ಉಜ್ಜಿಕೊಂಡು ಎಳೆತ ಸ್ವಲ್ಪ ಸೋರುತ್ತದೆ. ಸುಮ್ನೆ 24 ಎಳೆದರೆ ಒಳಗೆ ಉಳಿಯೋದು ಅದಕ್ಕಿಂತ ಕಮ್ಮಿ. ಎರಡು ಪೌಂಡ್ ಜಾಸ್ತಿ ಕೊಟ್ಟರೆ ಅಡ್ಡದ್ದು ಉದ್ದದ್ದನ್ನು ಬಿಗಿಯಾಗಿ ಹಿಡಿಯುತ್ತದೆ. 27ಕ್ಕೆ ಏರಿಸಿದಾಗ ಸಿಕ್ಕಿದ ಹಿಡಿತದಲ್ಲಿ ಮುಕ್ಕಾಲು ಪಾಲು ಇದರಲ್ಲೇ ಸಿಕ್ಕಿತು, ಬ್ಯಾಕ್‌ಹ್ಯಾಂಡೂ ಉಳಿಯಿತು.

ಅಡ್ಡದ್ದನ್ನು ಎಳೆಯುವಾಗಲೇ ಬೆರಳಲ್ಲಿ ನೇರ ಮಾಡಬೇಕು, ಇದು ಬೋರಿಂಗ್ ಕೆಲಸ, ಆದರೆ ಬಿಡಬೇಡಿ. ತೂಕ ನೇತಾಡುತ್ತಿರುವಾಗ ಗಟ್ ಬಾಗಿರುವ ಕಡೆ ಒತ್ತಿ ನೇರ ಮಾಡಿದರೆ ಕಂಬಿ ಇನ್ನೂ ಸ್ವಲ್ಪ ಕೆಳಗೆ ಇಳಿಯೋದು ಕಣ್ಣಿಗೇ ಕಾಣುತ್ತದೆ. ಅಷ್ಟು ಸಡಿಲ ಅಲ್ಲಿ ಅಡಗಿ ಕೂತಿತ್ತು. ಕ್ಲ್ಯಾಂಪ್ ಹಾಕಿ ಎಲ್ಲಾ ಮುಗಿದ ಮೇಲೆ ಕೊನೆಗೆ ಒಟ್ಟಿಗೆ ನೇರ ಮಾಡಿದರೆ ಆ ಸಡಿಲ ರ‍್ಯಾಕೆಟ್ ಒಳಗೇ ಉಳಿಯುತ್ತದೆ.

ತೆಳು ಗಟ್ಟೂ ಹಾಕಿ ನೋಡಿದೆ, 0.65ರದ್ದು. ಸದ್ದು ಭರ್ಜರಿ, ಶಟಲ್ ಪುಟಿಯೋದೂ ಜಾಸ್ತಿ, ಅದೇ ಪೌಂಡಿನಲ್ಲಿ ಸರಿಯೋದೂ ಜಾಸ್ತಿ. ನಾನು ಡ್ರಾಪ್ ಎಲ್ಲಾ ಸ್ಲೈಸ್ ಮಾಡಿಯೇ ಹಾಕೋದು, ನೆಟ್ ಹತ್ತಿರವೂ ತಿರುಗಿಸುವ ಚಟ. ಪಕ್ಕಕ್ಕೆ ಎಳೆಯುವ ಇಂಥ ಹೊಡೆತಗಳೇ ಗಟ್ಟನ್ನು ಸರಿಸೋದು. ನನ್ನ ಡಬಲ್ಸ್ ಪಾರ್ಟ್ನರ್ ನೇರಕ್ಕೆ ಚಚ್ಚುವ ಆಸಾಮಿ, ನಾನೇ ಹಾಕಿಕೊಟ್ಟ ಅದೇ ಗಟ್, ಅದೇ ಪೌಂಡ್, ಅವನದರಲ್ಲಿ ಚುಕ್ಕಿ ಅಲ್ಲಾಡಿಲ್ಲ. 'ನಿನ್ನ ಬ್ಯಾಟಿಗೆ ಮಾತ್ರ ಕೆಟ್ಟದಾಗಿ ಹಾಕ್ಕೊಂಡಿದ್ದೀಯಾ' ಅಂತ ಇನ್ನೂ ಕಾಲೆಳೆಯುತ್ತಾನೆ. ಉದ್ದಕ್ಕೊಂದು ಅಡ್ಡಕ್ಕೊಂದು ಬೇರೆ ಬೇರೆ ಗಟ್ ಬರುವ ಸೆಟ್ಟುಗಳೂ ಇವೆ. ಯೋನೆಕ್ಸ್ ಏರೋಬೈಟ್‌ನಲ್ಲಿ ಉದ್ದಕ್ಕೆ 0.67, ಅಡ್ಡಕ್ಕೆ 0.61 ಮಿ.ಮೀ. ಸ್ಲೈಸ್ ಪ್ರಿಯರಿಗೆ ಚೆನ್ನಾಗಿ ಒಗ್ಗುತ್ತದೆ, ಜೇಬಿಗೆ ಒಗ್ಗಬೇಕಷ್ಟೇ.

ಗಟ್ ಸ್ವಲ್ಪ ಸರಿದರೆ ಏನಾಗುತ್ತದೆ ಅಂತ ಕೇಳುವವರಿಗೆ: ಶಟಲ್ಲಿನ ಕಾರ್ಕ್ ಅಗಲ 25ರಿಂದ 28 ಮಿ.ಮೀ. ಅದು ಒಂದು ಸಲಕ್ಕೆ ಒತ್ತೋದು ಮೂರ್ನಾಲ್ಕು ಉದ್ದದ ಗಟ್ಟನ್ನು. ಅದರಲ್ಲಿ ಒಂದು ಪಕ್ಕಕ್ಕೆ ಹೋಗಿ ನಡುವೆ ಕಿಂಡಿ ಬಿದ್ದಿದ್ದರೆ ನೆಟ್ ಶಾಟಿನಲ್ಲಿ ಕೈಗೆ ಗೊತ್ತಾಗಿಯೇ ಆಗುತ್ತದೆ.

ಈಗ ನಾನು ಮಾಡೋದು ಇಷ್ಟು. 24/26, ದಪ್ಪ ಗಟ್. ಬೆರಳಲ್ಲಿ ತಳ್ಳಿದ ಗಟ್ ವಾಪಸ್ ಬರುವ ತನಕ ಆಡೋದು. ತಳ್ಳಿದಲ್ಲೇ ನಿಲ್ಲೋಕೆ ಶುರುವಾದರೆ, ಹರಿಯಲಿ ಅಂತ ಕಾಯದೆ ಕತ್ತರಿಸಿ ಹೊಸದು ಹಾಕೋದು. ಕತ್ತರಿಸುವಾಗ ನಡುವಿನಿಂದ ಶುರು ಮಾಡಿ ಉದ್ದ, ಅಡ್ಡ ಎರಡನ್ನೂ ಸಮವಾಗಿ ಕತ್ತರಿಸುತ್ತಾ ಹೊರಗೆ ಹೋಗಬೇಕು, ಒಂದೇ ಕಡೆ ಎಳೆತ ಉಳಿದರೆ ಫ್ರೇಮ್ ಸೊಟ್ಟ ಆಗುತ್ತದೆ. ಆಟದ ನಡುವೆ ಹರಿದರೂ ಅಷ್ಟೇ, ರ‍್ಯಾಕೆಟ್ ಹಾಗೇ ಬ್ಯಾಗಿಗೆ ತುರುಕಬೇಡಿ, ಅಲ್ಲೇ ಉಳಿದದ್ದನ್ನೂ ಕತ್ತರಿಸಿಬಿಡಿ. ಕೈಗೆ ಬಂದಾಗ ಗ್ರಾಮೆಟ್ಟುಗಳನ್ನೂ (ಗಟ್ ಹೋಗುವ ಫ್ರೇಮಿನ ತೂತುಗಳಲ್ಲಿರುವ ಪ್ಲಾಸ್ಟಿಕ್ ಕೊಳವೆಗಳು) ನೋಡಿ, ಅದರಲ್ಲೂ ತಲೆಯ ಮೇಲಿನವು. ಒಡೆದಿದ್ದರೆ ಬದಲಾಯಿಸಿ, ಇಲ್ಲದಿದ್ದರೆ ಹೊಸ ಗಟ್ ಫ್ರೇಮಿನ ಅಂಚಿನಲ್ಲೇ ಕೊಯ್ದುಕೊಳ್ಳುತ್ತದೆ.